ಫಾಸ್ಫರಸ್ ಇಳಿಸುವ ಮಾತ್ರೆ ಯಾವಾಗ ನುಂಗುತ್ತೀರಿ?

ಮಂಡ್ಯದಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಆಗಿದ್ದೇನೆ. ತಿಂಗಳ ರಕ್ತದ ರಿಪೋರ್ಟ್ ಬಂದರೆ ಎಲ್ಲರೂ ಮೊದಲು ಕೇಳುವುದು ಹಿಮೋಗ್ಲೋಬಿನ್, ಆಮೇಲೆ ಪೊಟ್ಯಾಸಿಯಂ. ಫಾಸ್ಫರಸ್ ಎಷ್ಟಿದೆ ಅಂತ ಕೇಳುವವರು ಕಮ್ಮಿ. ಊಟದಲ್ಲಿ ಬರುವ ಈ ಖನಿಜವನ್ನು ಕೆಟ್ಟ ಕಿಡ್ನಿ ಸರಿಯಾಗಿ ಹೊರಹಾಕಲ್ಲ. ಆರೋಗ್ಯವಂತರಲ್ಲಿ ಅದು ಡೆಸಿಲೀಟರ್ ರಕ್ತಕ್ಕೆ ಸುಮಾರು 2.5ರಿಂದ 4.5 ಮಿಲಿಗ್ರಾಂ ಇರುತ್ತದೆ. 7 ಬಂದರೂ ಅವತ್ತಿಗೆ ಏನೂ ಆಗಲ್ಲ, ಅದಕ್ಕೇ ಅಸಡ್ಡೆ.

ಸೂಜಿ ಹಾಕಲು ತೋಳು ಚಾಚಿದಾಗ ಉಗುರಿನ ಗೀರು ಕಾಣುತ್ತದೆ. ಕೆರೆತಕ್ಕೆ ಬೇರೆ ಕಾರಣಗಳೂ ಇವೆ, ಆದರೂ ನಾನು ಫಾಸ್ಫರಸ್ ನೋಡುತ್ತೇನೆ. ಅದು ಏರಿದರೆ ಪ್ಯಾರಾಥೈರಾಯ್ಡ್ ಹಾರ್ಮೋನ್ ಜಾಸ್ತಿಯಾಗಿ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುತ್ತದೆ. ಮೂಳೆ ಸವೆಯುತ್ತದೆ, ರಕ್ತನಾಳದ ಗೋಡೆ ಸುಣ್ಣಗಟ್ಟುತ್ತದೆ. ಕೊನೆಗೆ ಪೆಟ್ಟು ಬೀಳುವುದು ಹೃದಯಕ್ಕೆ.

ಮದ್ದೂರು ಕಡೆಯ ಒಬ್ಬ ಅಜ್ಜಿಗೆ ಫಾಸ್ಫರಸ್ ಇಳಿಸುವ ಮಾತ್ರೆ ಜಾಸ್ತಿ ಮಾಡಿದರೂ ಅದು ಇಳಿಯಲಿಲ್ಲ. "ಅವ್ವಾ, ಈ ಮಾತ್ರೆ ಯಾವಾಗ ತಗೋತೀರಿ?" ಅಂದೆ. "ಎದ್ದೇಟ್ಗೆ ಎಲ್ಲಾನೂ ಒಟ್ಗೆ ನುಂಗ್ಬುಡ್ತೀನಿ ಕಣಪ್ಪ, ಆಮೇಲೆ ಮರ್ತೋಯ್ತದೆ."

ಈ ಮಾತ್ರೆ ಕೆಲಸ ಮಾಡುವುದು ಹೊಟ್ಟೆ-ಕರುಳಿನಲ್ಲಿ. ಊಟದ ಫಾಸ್ಫರಸ್ಸನ್ನು ಅಲ್ಲೇ ಹಿಡಿದು ಮಲದಲ್ಲಿ ಹೊರಗೆ ಕಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ಹಿಡಿಯಲು ಏನಿದೆ? ನಾಲ್ಕು ಗಂಟೆಯ ಡಯಾಲಿಸಿಸ್ ತೆಗೆಯುವುದು ಹೆಚ್ಚುಕಮ್ಮಿ ಒಂದು ದಿನದ ಊಟದಲ್ಲಿ ಬರುವಷ್ಟನ್ನೇ. ವಾರಕ್ಕೆ ಮೂರು ಸಲ ಬಂದರೂ ಲೆಕ್ಕ ಸರಿಹೋಗಲ್ಲ, ಅಲ್ವಾ? ಡಾಕ್ಟರಿಗೆ ಹೇಳಿದೆ. ಡೋಸ್ ಏರಿಸದೆ, ಊಟದ ಜೊತೆಗೇ ತಗೊಳ್ಳಲು ಬರೆದುಕೊಟ್ಟರು. ಅಜ್ಜಿ ಮಾತ್ರೆ ಶೀಟನ್ನು ಅಡುಗೆಮನೆಯಲ್ಲಿ ಮುದ್ದೆ ಕೋಲಿನ ಪಕ್ಕಕ್ಕೇ ತಂದಿಟ್ಟುಕೊಂಡರು. ಮುಂದಿನ ರಿಪೋರ್ಟಿನಲ್ಲಿ ಇಳಿದಿತ್ತು. ಈಗ ಯಾರದೇ ಫಾಸ್ಫರಸ್ ಏರಿದರೂ ನಾನು ಮೊದಲು ಕೇಳುವುದು ಇದನ್ನೇ.

ಪಥ್ಯದ ಚೀಟಿ ಕೊಟ್ಟು ಸುಮ್ನೆ ಕಳಿಸಿದರೂ ಆಗಲ್ಲ. "ತರಕಾರಿ ಬೇಯಿಸಿದ ನೀರು ಚೆಲ್ಲಿ" ಅಂತ ಬರೆದಿರುತ್ತದೆ; ಪೊಟ್ಯಾಸಿಯಂ, ಫಾಸ್ಫರಸ್ ಸ್ವಲ್ಪ ಆ ನೀರಿಗೆ ಇಳಿಯುತ್ತದೆ ಅಂತ. ನಮ್ಮ ಕಡೆ ಬಸಿದ ಕಟ್ಟಿನಲ್ಲೇ ಬಸ್ಸಾರು ಮಾಡುವುದು! ಅದನ್ನು ಬಾಯಿಬಿಟ್ಟು ಹೇಳಬೇಕು: ಮನೆಯವರಿಗೆ ಬಸ್ಸಾರು, ಇವರಿಗೆ ಪಲ್ಯ. ಇನ್ನು ಮುದ್ದೆ ಬಿಡಿಸಲು ಹೊರಡುವವರು ಮೊದಲು ಕೋಲಾ ಬಾಟಲಿ ಬಿಡಿಸಲಿ. ರಾಗಿ, ಬೇಳೆಯ ಫಾಸ್ಫರಸ್ಸಿನಲ್ಲಿ ಒಂದು ಪಾಲಷ್ಟೇ ರಕ್ತ ಸೇರುತ್ತದೆ. ಕೋಲಾಗೆ ಹಾಕುವ ಫಾಸ್ಫಾರಿಕ್ ಆಮ್ಲದ್ದು ಹೆಚ್ಚುಕಮ್ಮಿ ಪೂರ್ತಿ ಸೇರುತ್ತದೆ. ಪೇಷೆಂಟ್ ನೋಡಲು ಬರುವ ನೆಂಟರು ತರುವುದೂ ಅದನ್ನೇ.