ಮಂಡಕ್ಕಿಯಿಂದ ಶುರುವಾದ ಮೊದಲ ದಿನ

ಇವತ್ತು ನಮ್ಮ ಎಂಜಿನಿಯರಿಂಗ್ ಕಾಲೇಜಿಗೆ ಹೊಸ ಮಕ್ಕಳು ಬಂದರು. ಈ ಸಲ ವೇದಿಕೆ, ಹಾರ, ಉದ್ದುದ್ದ ಭಾಷಣ ಎಲ್ಲ ಬಿಟ್ಟೆವು. ಎಂಟೆಂಟು ಜನರ ಗುಂಪು ಮಾಡಿ, ಒಬ್ಬೊಬ್ಬ ಸೀನಿಯರ್ ಜೊತೆಗೆ ಕೂರಿಸಿ, ಕೈಗೆ ಚಾರ್ಟ್ ಮತ್ತು ಸ್ಕೆಚ್ ಪೆನ್ ಕೊಟ್ಟೆವು. ನಿಮ್ಮೂರಿನ ಚಿತ್ರ ಬರೆಯಿರಿ ಅಂದೆವು, ಅಷ್ಟೇ.

ಸಿಂಧನೂರು ಕಡೆಯ ಹುಡುಗ ಬೆಳಿಗ್ಗೆಯಿಂದ ತುಟಿ ಬಿಚ್ಚಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬರೆದ. ಪಕ್ಕದಲ್ಲಿ ಭತ್ತದ ಗದ್ದೆ, ಮೂಲೆಯಲ್ಲಿ ಮಂಡಕ್ಕಿ ಅಂಗಡಿ. ಮೈಸೂರಿನ ಹುಡುಗಿ, "ಇದು ಪುರಿ ಅಲ್ವಾ?" ಅಂದಳು. ಧಾರವಾಡದವನು, "ಚುರುಮರಿ ಅನ್ರೀ" ಅಂದ. ಶುರುವಾಯ್ತು ನೋಡಿ! ಆಮೇಲೆ ಅವರನ್ನು ಸುಮ್ಮನಿರಿಸೋದೇ ಕಷ್ಟವಾಯ್ತು. ಊಟಕ್ಕೆ ಅದೇ ಗುಂಪು ಒಟ್ಟಿಗೆ ಹೋಯಿತು.

ಎಂಜಿನಿಯರಿಂಗ್ ಮಕ್ಕಳಿಗೆ ಮೂರು ವಾರದ ಇಂಡಕ್ಷನ್, ಅಂದರೆ ಹೊಸಬರನ್ನು ಕಾಲೇಜಿಗೆ ಹೊಂದಿಸುವ ಕಾರ್ಯಕ್ರಮ, ಇರಬೇಕು ಅಂತ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಹೇಳಿದೆ. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಕೂಡ 2019ರಲ್ಲಿ ಇದಕ್ಕೆ 'ದೀಕ್ಷಾರಂಭ' ಅಂತ ಕೈಪಿಡಿ ತಂದಿತು. ಆಟ, ಕಲೆ, ಸುತ್ತಮುತ್ತಲಿನ ಜಾಗ ನೋಡೋದು, ಮೆಂಟರ್ ಜೊತೆ ಸಣ್ಣ ಗುಂಪಿನಲ್ಲಿ ಮಾತು, ಎಲ್ಲ ಅದರಲ್ಲಿದೆ. ನಾವೇ ಅದನ್ನು ಎಷ್ಟೋ ವರ್ಷ ಪಿಪಿಟಿ ತೋರಿಸಿ ಮುಗಿಸಿಬಿಟ್ಟೆವು ಅನ್ನೋದು ನನಗೆ ನಿಜವಾಗಿಯೂ ಬೇಸರ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಆ ಇಂಗ್ಲಿಷ್ ಸ್ಲೈಡುಗಳು ಎಷ್ಟು ಭಯ ಹುಟ್ಟಿಸಿರಬೇಕು!

ಮಧ್ಯಾಹ್ನ ಲೈಬ್ರರಿ, ಪರೀಕ್ಷಾ ವಿಭಾಗ, ಬಸ್ ಪಾಸ್ ಎಲ್ಲಿ ಮಾಡಿಸೋದು ಅಂತ ಅವರೇ ಹುಡುಕಿಕೊಂಡು ಬಂದರು. ಸಂಜೆ ಆ ಸಿಂಧನೂರಿನ ಹುಡುಗ ನನ್ನ ಹತ್ತಿರ ಬಂದು, "ಮೇಡಂ, ನಾಳೆನೂ ಇದೇ ಗುಂಪಾ?" ಅಂತ ಕೇಳಿದ. ಹೌದಪ್ಪ ಅಂದೆ. ಚಾರ್ಟ್ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಾಸ್ಟೆಲ್ ಕಡೆ ಓಡಿದ.