ಸ್ಪೂಲಿನ ಮೇಲಿನ ಕಂದು ಲೋಳೆ: ಶುಗರ್ ಕೆಲ್ಪ್, ಮೂರನೇ ಬ್ಯಾಚ್

ಕೊನೆಗೂ ಕಳ್ಳ ಸಿಕ್ಕಿದ! ಶುಗರ್ ಕೆಲ್ಪ್ ಅನ್ನುವ ಕಂದು ಕಡಲಕಳೆಯನ್ನು ಟ್ಯಾಂಕಿನಲ್ಲಿ ಸ್ಪೂಲಿನ ಮೇಲೆ, ಅಂದರೆ ಹುರಿ ಸುತ್ತಿದ ಪೈಪಿನ ಮೇಲೆ, ಬೆಳೆಸುವಾಗ ಎರಡು ಬ್ಯಾಚ್ ಹಾಳು ಮಾಡಿದ ಕಂದು ಲೋಳೆಯ ಮೂಲ ಪೋಷಕದ್ರಾವಣದ ಬಾಟಲಿಯಲ್ಲೇ ಇತ್ತು.

ಸೋರಸ್ (ಕೆಲ್ಪ್ ಎಲೆಯ ಮೇಲಿನ ಬೀಜಕಣದ ಪಟ್ಟೆ) ಒರೆಸಿ, ಅಯೋಡಿನ್‌ನಲ್ಲಿ ಅದ್ದಿ, ರಾತ್ರಿಯಿಡೀ ತಂಪಲ್ಲಿಟ್ಟು ಬೀಜಕಣ ಬಿಡಿಸುವುದೆಲ್ಲ ಗೊತ್ತಿದ್ದದ್ದೇ. ಪಿವಿಸಿ ಪೈಪಿಗೆ 2 ಮಿ.ಮೀ. ನೈಲಾನ್ ಹುರಿ, 10 ಡಿಗ್ರಿ ಸೆಲ್ಸಿಯಸ್ ನೀರು, ಮಿಲಿಲೀಟರಿಗೆ 8,000 ಬೀಜಕಣ, ಮೊದಲ ವಾರ ಮಂದ ಬೆಳಕು. ಹತ್ತನೇ ದಿನಕ್ಕೆ ಹುರಿಯ ಮೇಲೆ ಚಹಾ ಕಲೆಯಂಥ ಬಣ್ಣ ಕಾಣುತ್ತೆ. ಕೆಲ್ಪೇ ಚಿಗುರಿತು ಅನ್ನಿಸುತ್ತೆ. ಸೂಕ್ಷ್ಮದರ್ಶಕದಡಿ ನೋಡಿದರೆ ದೋಣಿಯಾಕಾರದ ಡಯಾಟಮ್‌ಗಳು (ಒಂದೇ ಕೋಶದ ಪಾಚಿ), ಗಾಜಿನ ಚಿಪ್ಪು ಹೊತ್ತು ಮೆಲ್ಲಗೆ ಜಾರುತ್ತಿವೆ. ಅವುಗಳ ಕೆಳಗೆ ಗ್ಯಾಮಿಟೋಫೈಟ್‌ಗಳು, ಅಂದರೆ ಬೀಜಕಣದಿಂದ ಮೊಳೆತ ಕೆಲ್ಪಿನ ಮೊದಲ ಸೂಕ್ಷ್ಮ ರೂಪ, ಬೆಳಕಿಲ್ಲದೆ ಸೊರಗಿವೆ. ಸ್ಪೂಲ್ ಎತ್ತಿದರೆ ಲೋಳೆ ಹಕ್ಕಳೆಯಾಗಿ ಕಳಚುತ್ತೆ, ಎಳೆ ಕೆಲ್ಪನ್ನೂ ಜತೆಗೇ ಕಿತ್ತುಕೊಂಡು ಹೋಗುತ್ತೆ.

ಇದಕ್ಕೆ ಮದ್ದು ಜರ್ಮೇನಿಯಂ ಡೈಆಕ್ಸೈಡ್. ಡಯಾಟಮ್ ಚಿಪ್ಪು ಕಟ್ಟಲು ಸಿಲಿಕಾನ್ ಬೇಕು. ಅದರ ಜಾಗಕ್ಕೆ ಜರ್ಮೇನಿಯಂ ನುಗ್ಗಿದರೆ ಚಿಪ್ಪು ಕೂಡುವುದಿಲ್ಲ. ಲೀಟರಿಗೆ 0.5 ಮಿ.ಗ್ರಾಂ ಹಾಕಿದರೂ ಎರಡನೇ ಬ್ಯಾಚ್ ಕಂದಾಯಿತು. ಪ್ರಮಾಣ ಏರಿಸುವಂತಿಲ್ಲ, ಹೆಚ್ಚಾದರೆ ಕೆಲ್ಪಿನ ಬೆಳವಣಿಗೆಯೂ ಕುಂಠಿತವಾಗುತ್ತೆ.

ಲೆಕ್ಕ ಹಾಕಿದಾಗ ಗುಟ್ಟು ಬಯಲಾಯಿತು. ಬಳಸಿದ್ದು ಎಫ್/2 ಅನ್ನುವ ಪೋಷಕದ್ರಾವಣ. ಅದರ ಮೂಲ ಸೂತ್ರದಲ್ಲಿ ಲೀಟರಿಗೆ 30 ಮಿ.ಗ್ರಾಂ ಸೋಡಿಯಂ ಸಿಲಿಕೇಟ್ ಇರುತ್ತೆ, ಅಂದರೆ ಸುಮಾರು 106 ಮೈಕ್ರೊಮೋಲ್ ಸಿಲಿಕಾನ್. ಹಾಕಿದ ಜರ್ಮೇನಿಯಂ ಬರೀ 4.8 ಮೈಕ್ರೊಮೋಲ್. ಒಂದಕ್ಕೆ ಇಪ್ಪತ್ತೆರಡು, ಮದ್ದು ಎಲ್ಲಿ ನಾಟಬೇಕು? ಸಿಲಿಕೇಟ್ ಬೇಡವೆಂದು ಬರೆದೇ ಆರ್ಡರ್ ಮಾಡಿದ್ದರೂ ಅಂಗಡಿಯವರು ಕಳಿಸಿದ್ದು ಎಲ್ಲ ಬೆರೆಸಿದ ಬಾಟಲಿ, ಲೇಬಲ್ಲಿನಲ್ಲಿ ಏನೇನಿದೆ ಅನ್ನುವ ಪಟ್ಟಿಯೂ ಇಲ್ಲ. ಶರತ್ಕಾಲ ಮುಗಿಯುವುದರೊಳಗೆ ಹುರಿ ನೀರಿಗಿಳಿಯಬೇಕಾದ ಕೆಲಸದಲ್ಲಿ ಇಂಥ ಉಡಾಫೆಗೆ ಒಂದು ವರ್ಷವೇ ದಂಡ.

ಮೂರನೇ ಬ್ಯಾಚಿಗೆ ಎಫ್/2ರ ಸಿಲಿಕೇಟ್ ಇಲ್ಲದ 'ಎ' ಮತ್ತು 'ಬಿ' ಭಾಗ ಬೇರೆ ಬೇರೆ ಕೊಂಡದ್ದು. ಸಿಲಿಕೇಟ್ ಬಾಟಲಿ ಮುಟ್ಟಲೇ ಇಲ್ಲ. ಜರ್ಮೇನಿಯಂ ಪ್ರಮಾಣ ಮೊದಲಿನಷ್ಟೇ, ಅದೂ ಮೊದಲೆರಡು ವಾರ ಮಾತ್ರ. ಫಿಲ್ಟರ್ ಡಯಾಟಮ್ಮನ್ನು ತಡೆಯುತ್ತೆ, ಕರಗಿದ ಸಿಲಿಕೇಟನ್ನು ತಡೆಯಲ್ಲ. ನಲ್ಲಿ ನೀರಿಗೆ ಉಪ್ಪು ಬೆರೆಸುವವರು ಅಕ್ವೇರಿಯಂ ಸಿಲಿಕೇಟ್ ಕಿಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ಈಗ ಮೂವತ್ತೈದನೇ ದಿನ. ಹುರಿಯ ತುಂಬ ಜೇನುಬಣ್ಣದ ನವಿರು, ಒಂದೊಂದೂ 1 ಮಿ.ಮೀ. ಎಲೆ. ಮೇಲಿಂದ ನೀರು ಸುರಿದರೂ ಬಿಡದೆ ಕಚ್ಚಿ ನಿಂತಿವೆ.

ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಶಿನ್ನಕಾಕ್ ಮೂಲನಿವಾಸಿ ಹೆಂಗಸರು ಕಟ್ಟಿದ ಕೆಲ್ಪ್ ಬೇಸಾಯದ ಹಾದಿಯೂ ಇದೇ: ಹುರಿಗೆ ಬೀಜ ಹಚ್ಚಿ ಕೊಲ್ಲಿಗೆ ಇಳಿಸುವುದು. ಸೆಪ್ಟಿಕ್ ಗುಂಡಿಗಳಿಂದ ಸೋರುವ ಸಾರಜನಕ ಪಾಚಿ ಉಕ್ಕಿಸಿ, ಅವರ ತಲೆತಲಾಂತರದ ಊಟವಾದ ಚಿಪ್ಪಿಗಳನ್ನು ಕೊಲ್ಲುತ್ತಿದೆ. ಕೆಲ್ಪ್ ಚಳಿಗಾಲದಲ್ಲಿ ಆ ಸಾರಜನಕ ಹೀರುತ್ತೆ. ಕೊಯ್ದದ್ದು ಹೊಲಕ್ಕೆ ಗೊಬ್ಬರ. ಟ್ಯಾಂಕಿನಲ್ಲಿ ಯಾರು ಬೇಕಾದರೂ ಕಲಿಯಬಹುದು. ಆದರೆ ಆ ಕೊಲ್ಲಿಗೆ ಏನಿಳಿಯಬೇಕು ಅನ್ನುವುದು ಅವರ ಮಾತು. ಅವರ ನೀರಿನಿಂದ ಹೇಳದೆ ಕೇಳದೆ ಸೋರಸ್ ಕಿತ್ತು ತರುವುದು ತಪ್ಪು.

ಮುಂದಿನದು ಜಲ್ಲಿ: ಹುರಿಯ ಬದಲು ಸಣ್ಣ ಕಲ್ಲುಗಳಿಗೇ ಬೀಜಕಣ ಕೂರಿಸಿ, ಎಲೆ 2-3 ಸೆಂ.ಮೀ. ಆದಾಗ ದೋಣಿಯಿಂದ ಸುರಿಯುವುದು. ಆದರೆ ಅರ್ಚಿನ್ (ಕೆಲ್ಪ್ ಮೇಯುವ ಮುಳ್ಳುಮೈಯ ಕಡಲಜೀವಿ) ತುಂಬಿದ ಬಂಡೆಯಲ್ಲಿ ಇದು ಬರೀ ಮೇವು. ಕೆನಡಾದ ಹೈಡಾ ಗ್ವಾಯಿಯಲ್ಲಿ ಕಡಲ ನೀರುನಾಯಿಗಳು ತುಪ್ಪಳದ ವ್ಯಾಪಾರಕ್ಕೆ ಬಲಿಯಾದ ಮೇಲೆ ಅರ್ಚಿನ್ ಕೆಲ್ಪ್ ಕಾಡನ್ನೇ ಬೋಳಿಸಿತ್ತು. ಹೈಡಾ ಜನ ಪಾರ್ಕ್ಸ್ ಕೆನಡಾ ಜತೆ ಸೇರಿ 2018-19ರಲ್ಲಿ 3 ಕಿ.ಮೀ. ದಂಡೆಯುದ್ದಕ್ಕೂ, 20 ಹೆಕ್ಟೇರಿನಲ್ಲಿ ಅರ್ಚಿನ್ ತೆಗೆದರು. ಕೆಲ್ಪ್ ತಾನಾಗಿ ಮರಳಿತು. ಬೋಳು ಬಂಡೆಯ ಹಸಿದ ಅರ್ಚಿನ್ ಒಳಗೆ ತತ್ತಿ ಇರುವುದಿಲ್ಲ, ಹೆಚ್ಚಿನವನ್ನು ಅಲ್ಲೇ ಒಡೆಯಬೇಕು. ಕೆಲ್ಪ್ ತಿಂದು ತುಂಬಿಕೊಂಡವು ಊರಿನ ಅಡುಗೆಮನೆಗೆ. ಹಾಗಾಗಿ ಜಲ್ಲಿಗೆ ಮೊದಲು ಒಂದು ಚದರ ಮೀಟರಿನ ಚೌಕಟ್ಟು ಬೇಕು, ಪೈಪಿನ ತುಂಡುಗಳಲ್ಲೇ ಆಗುತ್ತೆ. ಅದನ್ನಿಟ್ಟು ಅರ್ಚಿನ್ ಎಣಿಸುವುದು.