ಓಬೆರಾನ್ ಹಾಕಿ ಓಡಿಸುವುದು: ಮೌಸ್, ಕಂಪೈಲ್, ಕೀ

ಓಬೆರಾನ್ ಎಂಬ ಆಪರೇಟಿಂಗ್ ಸಿಸ್ಟಮ್ ತೆರೆದರೆ ಐಕಾನ್ ಇಲ್ಲ, ಕಮಾಂಡ್ ಟೈಪ್ ಮಾಡಲು ಪ್ರಾಂಪ್ಟ್ ಕೂಡ ಇಲ್ಲ. ಪರದೆ ತುಂಬ ಬರೀ ಅಕ್ಷರ. ಆ ಅಕ್ಷರಗಳೇ ಕಮಾಂಡ್. ಇದು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ಸಲೀಸು.

ಪಾಸ್ಕಲ್ ಭಾಷೆ ಕೊಟ್ಟ ನಿಕ್ಲಾಸ್ ವಿರ್ತ್ ಮತ್ತು ಯುರ್ಗ್ ಗುಟ್‌ಕ್ನೆಖ್ಟ್ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ನಡುವೆ ಶುರು ಮಾಡಿದ ಕೆಲಸ ಇದು. ವ್ಯವಸ್ಥೆಗೂ ಭಾಷೆಗೂ ಒಂದೇ ಹೆಸರು. ವಿರ್ತ್ 2013ರಲ್ಲಿ ತಾವೇ ವಿನ್ಯಾಸ ಮಾಡಿದ ಸರಳ ರಿಸ್ಕ್ (ಕೆಲವೇ ಸರಳ ಆದೇಶಗಳ) ಪ್ರೊಸೆಸರ್‌ಗೆ ಇದನ್ನು ಮತ್ತೆ ಬರೆದರು. ಒಂದು ಎಫ್‌ಪಿಜಿಎ (ಬೇಕಾದ ಸರ್ಕ್ಯೂಟ್ ಆಗಿ ಹೊಂದಿಸಬಹುದಾದ ಚಿಪ್) ಬೋರ್ಡ್, 1 ಎಂಬಿ ಮೆಮೊರಿ, 1024×768ರ ಕಪ್ಪು-ಬಿಳುಪು ಪರದೆ, ಇಷ್ಟೇ ಸಾಕು.

ಬೋರ್ಡ್ ಬೇಕೆಂದೇನೂ ಇಲ್ಲ. ಲಿನಕ್ಸ್‌ನಲ್ಲಿ ಓಬೆರಾನ್-ರಿಸ್ಕ್-ಎಮು ಎಂಬ ಎಮ್ಯುಲೇಟರ್‌ನ (ಆ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್‌ನ) ಸೋರ್ಸ್ ಇಳಿಸಿಕೊಂಡು, ಅದನ್ನು ಕಟ್ಟುವ ಮೇಕ್ ಕಮಾಂಡ್ ಕೊಟ್ಟರೆ ಆಯಿತು. ಅದಕ್ಕೆ ಮೊದಲು ಸಿ ಕಂಪೈಲರ್ (ಬರೆದ ಕೋಡನ್ನು ಯಂತ್ರ ಓಡಿಸುವ ರೂಪಕ್ಕೆ ತರುವ ಪ್ರೋಗ್ರಾಮ್) ಜೊತೆಗೆ ಎಸ್‌ಡಿಎಲ್ 2 ಎಂಬ ಗ್ರಾಫಿಕ್ಸ್ ಲೈಬ್ರರಿಯ ಡೆವಲಪ್‌ಮೆಂಟ್ ಪ್ಯಾಕೇಜ್ ಇರಬೇಕು. ಬರೀ ರನ್‌ಟೈಮ್ ಲೈಬ್ರರಿ ಇದ್ದರೆ ಮೇಕ್ ಅರ್ಧಕ್ಕೇ ನಿಲ್ಲುತ್ತದೆ. ಜೊತೆಗೆ ಬರುವ ಡಿಸ್ಕ್ ಇಮೇಜ್‌ನ ಒಂದು ಪ್ರತಿ ತೆಗೆದಿಟ್ಟು, ಆ ಪ್ರತಿಯನ್ನೇ ಓಡಿಸಿ. ನೀವು ಸೇವ್ ಮಾಡಿದ್ದೆಲ್ಲ ನೇರ ಆ ಫೈಲಿಗೇ ಹೋಗುತ್ತದೆ.

ಮೌಸಿಗೆ ಮೂರು ಬಟನ್ ಇರಲಿ. ಎಡದ್ದು ಕರ್ಸರ್ ಇಡಲು, ಬಲದ್ದು ಪಠ್ಯ ಆಯಲು. ನಡುವಿನದನ್ನು ಯಾವ ಪದದ ಮೇಲೆ ಒತ್ತುತ್ತೀರೋ ಆ ಪದ ಕಮಾಂಡ್ ಆಗಿ ಓಡುತ್ತದೆ. ನಡುವಿನ ಬಟನ್ ಇಲ್ಲದಿದ್ದರೆ ಎಡಗಡೆಯ ಆಲ್ಟ್ ಕೀ ಆ ಕೆಲಸ ಮಾಡುತ್ತದೆ. ಬಲ ಬಟನ್ ಹಿಡಿದುಕೊಂಡೇ ಎಡದ್ದನ್ನು ಒತ್ತಿದರೆ ಆಯ್ದದ್ದು ಅಳಿಸಿಹೋಗುತ್ತದೆ, ನಡುವಿನದನ್ನು ಒತ್ತಿದರೆ ಕರ್ಸರ್ ಇದ್ದಲ್ಲಿಗೆ ನಕಲಾಗುತ್ತದೆ.

ಪ್ರೋಗ್ರಾಮ್ ಬರೆಯಲು ‘ಎಡಿಟ್.ಓಪನ್’ ಪಕ್ಕದಲ್ಲಿ ಫೈಲ್ ಹೆಸರು ಟೈಪ್ ಮಾಡಿ ನಡುವಿನ ಬಟನ್ ಒತ್ತಿ. ಮಾಡ್ಯೂಲ್, ಬಿಗಿನ್, ಎಂಡ್ ಮುಂತಾದ ಕೀವರ್ಡ್‌ಗಳೆಲ್ಲ ದೊಡ್ಡಕ್ಷರದಲ್ಲೇ ಇರಬೇಕು. ಪ್ಯಾರಾಮೀಟರ್ ಇಲ್ಲದ ಪ್ರೊಸೀಜರ್‌ನ ಹೆಸರಿನ ಕೊನೆಗೆ ನಕ್ಷತ್ರ ಚಿಹ್ನೆ (*) ಹಾಕಿದರೆ ಅದೇ ಹೊಸ ಕಮಾಂಡ್. ಇಡೀ ವ್ಯವಸ್ಥೆಯಲ್ಲಿ ನನಗೆ ತೀರ ಇಷ್ಟವಾದದ್ದು ಇದೇ. ಮೇನ್ ಫಂಕ್ಷನ್ನಿನ ಗೊಡವೆಯೇ ಇಲ್ಲ.

ತಿದ್ದಿದ್ದೇನೆ, ಆದರೂ ಹಳೆಯ ಫಲಿತಾಂಶವೇ ಬರುತ್ತಿದೆ ಎನ್ನುವವರು ಎರಡು ಕಡೆ ನೋಡಬೇಕು. ಒಂದು, ‘ಓಆರ್‌ಪಿ.ಕಂಪೈಲ್’ ಪಕ್ಕ ಫೈಲ್ ಹೆಸರು ಕೊಟ್ಟು ಕಂಪೈಲ್ ಮಾಡಿದರೆ ಡಿಸ್ಕಿನಲ್ಲಿರುವುದು ಮಾತ್ರ ಕಂಪೈಲ್ ಆಗುತ್ತದೆ, ಹಾಗಾಗಿ ಮೊದಲು ‘ಎಡಿಟ್.ಸ್ಟೋರ್’. ಎರಡು, ಒಮ್ಮೆ ಲೋಡ್ ಆದ ಮಾಡ್ಯೂಲ್ (ಪ್ರೋಗ್ರಾಮ್‌ನ ಘಟಕ) ಮೆಮೊರಿಯಲ್ಲೇ ಕೂತಿರುತ್ತದೆ. ‘ಸಿಸ್ಟಮ್.ಫ್ರೀ’ ಕೊಟ್ಟು ಹೊರಹಾಕುವವರೆಗೆ ಹಳೆಯದೇ ಓಡುತ್ತದೆ. ಹೆಸರುಗಳ ಪಟ್ಟಿಯ ಕೊನೆಗೆ ಟಿಲ್ಡೆ ಚಿಹ್ನೆ (~) ಮರೆಯಬೇಡಿ. ಬಿಟ್ಟರೆ ಅದು ಮುಂದಿರುವ ಪದಗಳನ್ನೂ ಹೆಸರೆಂದೇ ಓದಿಕೊಳ್ಳುತ್ತದೆ.

ಇನ್ನೊಂದು ತೊಡಕು ಸಿಂಬಲ್ ಫೈಲ್‌ನದು, ಅಂದರೆ ಮಾಡ್ಯೂಲ್ ಹೊರಗೆ ಏನೇನು ಕೊಡುತ್ತದೆ ಎಂದು ಬರೆದಿಟ್ಟ ಫೈಲ್‌ನದು. ಮಾಡ್ಯೂಲ್ ಹೊರಗೆ ಕೊಡುವ ಹೆಸರು ಅಥವಾ ಟೈಪ್ ಬದಲಾದರೆ ಅದರ ಕೀ (ಸಿಂಬಲ್ ಫೈಲ್‌ನ ಗುರುತಿನ ಸಂಖ್ಯೆ) ಕೂಡ ಬದಲಾಗಬೇಕು. ಫೈಲ್ ಹೆಸರಿಗೆ ಸ್ಲ್ಯಾಷ್ ಮತ್ತು ಸಣ್ಣ ಎಸ್ ಸೇರಿಸದಿದ್ದರೆ ‘ನ್ಯೂ ಸಿಂಬಲ್ ಫೈಲ್ ಇನ್‌ಹಿಬಿಟೆಡ್’ ಎಂದು ಕಂಪೈಲರ್ ನಿಲ್ಲಿಸುತ್ತದೆ. ಸೇರಿಸಿದಿರೋ, ಅದನ್ನು ಇಂಪೋರ್ಟ್ ಮಾಡುವ ಮಾಡ್ಯೂಲ್‌ಗಳನ್ನೂ ಮತ್ತೆ ಕಂಪೈಲ್ ಮಾಡಲೇಬೇಕು. ಇಲ್ಲದಿದ್ದರೆ ಲೋಡ್ ಆಗುವಾಗ ‘ಬ್ಯಾಡ್ ಕೀ’.

ಓಡುವಾಗ ತಪ್ಪಾದರೆ ಟ್ರ್ಯಾಪ್ (ದೋಷ) ಸಂಖ್ಯೆ ಲಾಗ್‌ನಲ್ಲಿ ಬೀಳುತ್ತದೆ: 1 ಬಂದರೆ ಅರೇ ಮಿತಿ ಮೀರಿದೆ, 4 ಬಂದರೆ ನಿಲ್ (ಏನನ್ನೂ ತೋರಿಸದ) ಪಾಯಿಂಟರ್, 6 ಬಂದರೆ ಸೊನ್ನೆಯಿಂದ ಭಾಗಾಕಾರ. ಮುಗಿಯದ ಲೂಪ್‌ಗೆ ಸಿಕ್ಕಿದರೆ ಇಡೀ ವ್ಯವಸ್ಥೆಯೇ ನಿಂತುಬಿಡುತ್ತದೆ, ಆಗ ಎಫ್12 ಒತ್ತಿ.

ಕನ್ನಡ ಅಕ್ಷರ ಇಲ್ಲಿ ಮೂಡುವುದಿಲ್ಲ, ಫಾಂಟ್‌ನಲ್ಲೇ ಇಲ್ಲ.

ಇದೆಲ್ಲ ಕೈಗೆ ಹತ್ತಿದ ಮೇಲೆ ಕಂಪೈಲರನ್ನೇ ಕಂಪೈಲ್ ಮಾಡಿ ನೋಡಿ. ಓಆರ್‌ಎಸ್, ಓಆರ್‌ಬಿ, ಓಆರ್‌ಜಿ, ಓಆರ್‌ಪಿ ಎಂಬ ನಾಲ್ಕು ಮಾಡ್ಯೂಲ್‌ಗಳನ್ನು ಇದೇ ಕ್ರಮದಲ್ಲಿ ಕೊಡಿ. ಫ್ರೀ ಮಾಡುವಾಗ ಮಾತ್ರ ಕ್ರಮ ತಿರುಗಿಸಿ, ಏಕೆಂದರೆ ಬೇರೊಂದು ಮಾಡ್ಯೂಲ್ ಬಳಸುತ್ತಿರುವುದನ್ನು ‘ಸಿಸ್ಟಮ್.ಫ್ರೀ’ ಹೊರಹಾಕುವುದಿಲ್ಲ. ಮುಂದಿನ ಸಲ ‘ಓಆರ್‌ಪಿ.ಕಂಪೈಲ್’ ಮೇಲೆ ಒತ್ತಿದಾಗ ಓಡುವುದು ನೀವೇ ಕಟ್ಟಿದ ಕಂಪೈಲರ್.